ಬಿರುಕಿಗೆ ಅಂಟಿಸಿದ ಗಾಜು

ಭಾನುವಾರ, ಮಧ್ಯಾಹ್ನ ಮೂರೂವರೆ

ಪ್ರೀತಿಯ ಹರಟೆಮಲ್ಲಿ,

ದಿನಾ ಫೋನಿನಲ್ಲಿ ಮಾತಾಡುವವಳಿಗೆ ಇದೇನು ಬಂತು, ಕಾಗದ ಬರೆದಿದ್ದಾಳಲ್ಲ ಅಂತ ನಗುತ್ತಿರುತ್ತೀಯ. ನಗು, ಪರವಾಗಿಲ್ಲ. ಆದರೆ ನಿಂತುಕೊಂಡು ಓದಬೇಡ, ಕೂತು ಓದು. ಮಗು ನಿನ್ನ ತೊಡೆಯ ಮೇಲಿದ್ದರೆ ಮಗಳ ಕೈಗೆ ಕೊಟ್ಟು ಓದು. ಶುಕ್ರವಾರ ಎರಡು ಸಲ ಫೋನ್ ಮಾಡಿದ್ದು ಇದನ್ನು ಹೇಳುವುದಕ್ಕೇ. ನೀನು ಹಲೋ ಅಂದ ಮೇಲೆ ಇನ್ನೊಬ್ಬರಿಗೆ ಬಾಯಿ ತೆರೆಯಲು ಸಿಗುವುದು ನೀನು ಕೆಮ್ಮಿದಾಗ ಮಾತ್ರ. ನೀನು ಕೆಮ್ಮಿದೆ ಕೂಡ. ಆದರೆ ನನ್ನ ನಾಲಿಗೆ ಹೊರಳಲಿಲ್ಲ. ಇಲ್ಲಿ ನಿನ್ನ ಮನೆಯ ಹಿಂದಿನ ಕೋಣೆಯಲ್ಲಿ ಇರುವೆ ಸಾಲು ಎದ್ದಿದೆ, ತೊಟ್ಟಿಲು ಮುಂದಿನ ಕೋಣೆಯಲ್ಲಿ ಇಡೋಣ ಅಂದೆ. ನೀನು ಇರುವೆಗೆ ಯಾರಾದರೂ ಕೋಣೆ ಬಿಟ್ಟುಕೊಡುತ್ತಾರಾ ಅಂತ ನಕ್ಕೆ. ಎರಡನೇ ಸಲ ಆ ಕೋಣೆ ಥಂಡಿ ಅಂದೆ. ನೀನು ಮುಂದಿನ ಕೋಣೆಗೆ ಬಸ್ಸಿನ ಸದ್ದು, ಮಗು ಬೆಚ್ಚಿಬೀಳುತ್ತದೆ, ಹಿಂದಿನದೇ ಸರಿ ಅಂದುಬಿಟ್ಟೆ. ನಾನೂ ಸರಿ ಅಂದೆ.

ಅದಕ್ಕೇ ಸುತ್ತಿ ಬಳಸಿ ಬರೆಯುವುದಿಲ್ಲ. ಗುರುವಾರ ಮಗಳನ್ನೂ ಮಗುವನ್ನೂ ಕರೆದುಕೊಂಡು ಬರಬೇಡ. ನೀನು ಒಬ್ಬಳೇ ಬಂದರೂ ಆ ಕೋಣೆಗೆ ಕಾಲಿಡಬೇಡ. ಅದರ ಹಿಂಗೋಡೆ ನಿಲ್ಲುವುದಿಲ್ಲ ಕಣೇ. ನನಗೆ ಇದು ಇವತ್ತು ಗೊತ್ತಾದದ್ದಲ್ಲ.

ಹೋದ ವರ್ಷ ಬುಧವಾರದ ಸರದಿ ನಿನ್ನ ಮನೆಗೆ ಬಂದಿದ್ದು ನೆನಪಿದೆಯಲ್ಲ? ವಾರಕ್ಕೊಂದು ಮನೆಯ ಕೆಲಸ ಅಂತ ಐದು ಮನೆಯವರೂ ಗುದ್ದಲಿ, ಏಣಿ, ಬಕೆಟ್ಟು ಹೊತ್ತು ಬಂದಿದ್ದೆವು. ನಾನು ನಿನ್ನ ದಾಸವಾಳ ಸವರುತ್ತಿದ್ದೆ. ಬೋಳು ಮಾಡಿಬಿಟ್ಟೆಯಲ್ಲೇ ಅಂತ ನೀನು ಬೈಯುತ್ತಿದ್ದೆ. ಸೂರಿನ ದೋಣಿಯಲ್ಲಿ ತುಂಬಿದ್ದ ಎಲೆ ತೆಗೆಯಲು ಏಣಿ ಹತ್ತಿದ ಟೈಲರಣ್ಣ ಹಿಂಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ನೋಡಿದ. ಆಗ ಪೋಸ್ಟ್ ಮಾಸ್ತರರು ಗಾಜಿನ ಉಪಾಯ ಹೇಳಿದರು. ಬಿರುಕಿಗೆ ಅಡ್ಡಲಾಗಿ ಬೆರಳಗಲದ ಒಂದು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಹಾಕುವುದು. ಗಾಜು ಹಾಗೇ ಇದ್ದರೆ ಅದು ಹಳೇ ಬಿರುಕು, ಸುಮ್ಮನಿರಬಹುದು. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಅಂತ ಅರ್ಥ. ಗೋಡೆಯ ಆ ಮುಖ ನನ್ನ ಹಿತ್ತಲಿಗೆ ಇರುವುದರಿಂದ ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಿಟ್ಟಿರಿ. ಪ್ರತಿ ಬುಧವಾರ ಟೀ ಕುಡಿಯುವಾಗ ಮಾಸ್ತರರು ಗಾಜು ಹೇಗಿದೆ ಅಂತ ಕೇಳುತ್ತಾರೆ, ನಾನು ಇದೆ ಅನ್ನುತ್ತೇನೆ. ಅಷ್ಟೇ ಕೆಲಸ.

ನೀನು ಮಗಳ ಹೆರಿಗೆಗೆ ಅಂತ ಹೊರಟು ಎರಡು ವಾರ ಆಗಿರಬೇಕು, ಗೊಬ್ಬರದ ಗುಂಡಿ ಮಗುಚಿ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಗಾಜು ನಡುವೆ ಸರಿಯಾಗಿ ಎರಡಾಗಿತ್ತು. ಸಂಜೆಯವರೆಗೂ ಹೇಳಬೇಕು ಹೇಳಬೇಕು ಅಂದುಕೊಂಡೇ ಓಡಾಡಿದೆ. ಆಮೇಲೆ ಒಂದು ಹಳೇ ಫೋಟೋ ಫ್ರೇಮಿನ ಗಾಜು ಕತ್ತರಿಸಿ ಹೊಸದು ಅಂಟಿಸಿದೆ. ಬುಧವಾರ ಮಾಸ್ತರರು ಕೇಳಿದರು, ಇದೆ ಅಂದೆ. ಅದೇನೂ ಸುಳ್ಳಲ್ಲ ನೋಡು, ಗಾಜು ಇತ್ತು.

ಯಾಕೆ ಹಾಗೆ ಮಾಡಿದೆ ಅಂತ ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿಬಿಟ್ಟಿರುತ್ತದೆ. ನನ್ನ ಹಿತ್ತಲಿನ ಅಂಜೂರದ ಮರ. ಅದರ ಬೇರು ನಿನ್ನ ಗೋಡೆಯ ಬುಡಕ್ಕೆ ಹೋಗಿದೆ. ಒಡೆದ ಗಾಜಿನ ಕೆಳಗೇ ಚಿಕ್ಕ ಗುದ್ದಲಿಯಿಂದ ಅಗೆದು ನೋಡಿದೆ, ನನ್ನ ತೋಳಿನಷ್ಟು ದಪ್ಪದ ಬೇರು ಪಾಯದ ಕಲ್ಲಿನ ಸಂದಿಗೆ ನುಗ್ಗಿತ್ತು. ಮಣ್ಣು ಮುಚ್ಚಿ ಮೇಲೆ ಪುದೀನ ನೆಟ್ಟೆ. ಬೇರು ಇನ್ನೊಬ್ಬರ ಗೋಡೆಗೋ ಮೋರಿಗೋ ತಾಗಿದರೆ ಮರ ಕಡಿಯಬೇಕು, ಮುಖ ನೋಡಬಾರದು ಅಂತ ನಮ್ಮ ಗುಂಪಿಗೆ ನಿಯಮ ಮಾಡಿದವಳು ಯಾರು? ನಾನೇ. ಟೈಲರಣ್ಣನ ಸೀಬೆ ಮರದ ಬೇರು ಮಾಸ್ತರರ ಮೋರಿಗೆ ನುಗ್ಗಿ ನೀರು ಕಟ್ಟಿದಾಗ ಇನ್ನೊಂದು ವರ್ಷ ನೋಡೋಣ ಅಂತ ಅವನು ಎಷ್ಟು ಕೇಳಿಕೊಂಡ! ನೀನೂ ಪಾಪ ಅಂದೆ. ನಾನು ಒಪ್ಪಲಿಲ್ಲ. ಗರಗಸದ ಒಂದು ತುದಿ ನಾನೇ ಹಿಡಿದಿದ್ದೆ. ಅವತ್ತು ಅವನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತ ನನ್ನನ್ನು ನೋಡಿಯೇ ಗಾದೆ ಮಾಡಿರಬೇಕು.

ಮತ್ತೆ ಇನ್ನೊಂದು ಮಾತು. ನಗಬೇಡ. ಹಣ್ಣಿನ ಕಾಲದಲ್ಲಿ ನನ್ನ ಗೇಟಿನ ಚಿಲಕ ದಿನಕ್ಕೆ ಹತ್ತು ಸಲ ಸದ್ದು ಮಾಡುತ್ತದೆ. ಶಾಲೆಯ ಮಕ್ಕಳು ಬರುತ್ತಾರೆ, ಪಾರ್ಸಲ್ ತರುವವನು ಒಂದು ನಿಮಿಷ ಕೂರುತ್ತಾನೆ, ಮಾತು ಬಿಟ್ಟಿದ್ದ ನನ್ನ ತಮ್ಮನ ಹೆಂಡತಿಯೂ ಬುಟ್ಟಿ ಹಿಡಿದು ಬರುತ್ತಾಳೆ. ಮರ ಹೋದರೆ ಯಾರು ಬರುತ್ತಾರೆ? ಪುದೀನ ಕೇಳಿಕೊಂಡು ಬಂದವರು ಯಾರೂ ಕೂರುವುದಿಲ್ಲ. ಈ ಭಯ ನಿನಗೆ ಅರ್ಥವಾಗುವುದಿಲ್ಲ, ನಿನ್ನ ಮನೆಗೆ ಜನ ನಿನ್ನನ್ನೇ ನೋಡಲು ಬರುತ್ತಾರೆ.

ಎರಡನೇ ಗಾಜು ಒಂದು ತಿಂಗಳು ಬಂತು. ಮೂರನೆಯದು ಹನ್ನೆರಡು ದಿನ. ಪ್ರತಿ ಸಲ ಇದೊಂದೇ ಸಲ ಅಂದುಕೊಂಡೆ. ಬುಧವಾರದವರು ನನ್ನ ಹಿತ್ತಲಿಗೆ ಬಂದಾಗ ಯಾರ ಕಣ್ಣೂ ಅತ್ತ ಹೋಗದಿರಲಿ ಅಂತ ದೊಡ್ಡ ಕುಂಡಗಳನ್ನು ಸಾಲಾಗಿ ಸರಿಸಿದೆ, ದಾರ ಕಟ್ಟಿ ಬಳ್ಳಿ ಹಬ್ಬಿಸಿದೆ. ನಿನ್ನ ಗೋಡೆ ಎಷ್ಟು ಚೆಂದವಾಗಿದೆ ನೋಡು ಅಂತ ನಿನಗೆ ಫೋಟೋ ಬೇರೆ ಕಳಿಸಿದೆ. ನೀನು ಸಾಲಾಗಿ ಕೆಂಪು ಹೃದಯ ಕಳಿಸಿದೆ. ನೀನು ಬರುತ್ತೀಯ ಅಂತ ಎಲ್ಲರೂ ಸೇರಿ ನಿನ್ನ ಮನೆಗೆ ಸುಣ್ಣ ಬಳಿಯುವುದು ಅಂತ ಆದಾಗ, ಕೀಲಿ ನನ್ನ ಹತ್ತಿರವೇ ಇತ್ತಲ್ಲ, ಹಿಂದಿನ ದಿನವೇ ಹೋಗಿ ಒಳಗಿನ ಬಿರುಕಿಗೆ ಪುಟ್ಟಿ ತುಂಬಿ ತಿಕ್ಕಿ ನುಣ್ಣಗೆ ಮಾಡಿದೆ. ಮಾರನೆಯ ದಿನ ಟೈಲರಣ್ಣ ಅದರ ಮೇಲೆ ಎರಡು ಕೈ ಬಿಳಿ ಬಳಿದ. ಗೋಡೆ ಹೊಸದರ ಹಾಗಿದೆ ಅಂದ. ನಂಬಿ ಕೀಲಿ ಕೊಟ್ಟು ಹೋದೆ ನೀನು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಇದುವರೆಗೆ ಬರೆದದ್ದು ನಾಚಿಕೆಯ ಮಾತು. ಭಯ ಶುರುವಾದದ್ದು ಹೋದ ವಾರದ ಮಳೆಯಿಂದ. ನಾಲ್ಕು ದಿನ ಬಿಡದೆ ಹೊಯ್ಯಿತು. ಗುರುವಾರ ಬೆಳಿಗ್ಗೆ ಹೊಸ ಗಾಜು ಅಂಟಿಸಿದೆ. ನಿನ್ನೆ ಸಂಜೆ ಕುಂಡಗಳಲ್ಲಿ ನಿಂತ ನೀರು ಚೆಲ್ಲಲು ಹೋದಾಗ ಅದು ಒಡೆದಿತ್ತು, ಎರಡು ತುಂಡುಗಳ ನಡುವೆ ನನ್ನ ಪೆನ್ಸಿಲ್ ಸಲೀಸಾಗಿ ಹೋಯಿತು. ಇವತ್ತು ಬೆಳಿಗ್ಗೆ ಕಿರುಬೆರಳು ಹೋಗುತ್ತದೆ. ಮೂರು ದಿನವೂ ತಾಳಲಿಲ್ಲವಲ್ಲೇ!

ಒಳಗಿನಿಂದ ನೋಡೋಣವೆಂದು ನಿನ್ನ ಮನೆಗೆ ಹೋದೆ. ಹಿಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಬೀಗ ತೆಗೆದಿದ್ದೇನೆ, ಚಿಲಕ ತೆಗೆದಿದ್ದೇನೆ, ಬಾಗಿಲು ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ. ಹೆಗಲು ಕೊಟ್ಟು ನೂಕಿದೆ. ಚೌಕಟ್ಟೇ ಒಂದು ಕಡೆ ಕುಸಿದಿದೆ. ಒಳಗೆ ಗೋಡೆಯ ಉದ್ದಕ್ಕೂ ನೆಲದ ಮೇಲೆ ಜರಡಿ ಹಿಡಿದ ಹಾಗೆ ಸಣ್ಣ ಪುಡಿ. ನೀನು ಹೇಳಿದ್ದೆ ಅಂತ ಮಂಚವನ್ನು ಕಿಟಕಿಯ ಕೆಳಗೆ ಹಾಕಿ, ಪಕ್ಕಕ್ಕೆ ತೊಟ್ಟಿಲು ಇಟ್ಟು, ಅದರಲ್ಲಿ ಸಣ್ಣ ಹಾಸಿಗೆ ಹಾಸಿ ಬಂದಿದ್ದೆನಲ್ಲ, ಆ ಹಾಸಿಗೆಯ ಮೇಲೆ ಗಾರೆಯ ಹೆಕ್ಕಳೆಗಳು ಬಿದ್ದಿದ್ದವು. ಒಂದು ಹೆಕ್ಕಳೆ ನನ್ನ ಅಂಗೈಯಷ್ಟಿತ್ತು. ಮಾಸ್ತರರ ಮಟ್ಟ ನೋಡುವ ರಸಮಟ್ಟ ನಿನ್ನ ಮನೆಯಲ್ಲೇ ಉಳಿದಿತ್ತು, ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಒಳಗಿನ ಗುಳ್ಳೆ ನಡುವೆ ನಿಲ್ಲಲೇ ಇಲ್ಲ, ಒಂದು ಮೂಲೆಗೆ ಓಡಿಹೋಯಿತು. ಕಿಟಕಿಯ ಮೇಲಿನ ಕಲ್ಲು ಚಪ್ಪಡಿ ಒಂದು ಕಡೆ ಗೋಡೆಯನ್ನು ಬಿಟ್ಟು ಇಳಿದಿದೆ. ಅದರ ಕೆಳಗೇ ತೊಟ್ಟಿಲು.

ಆಗ ಗೋಡೆಯೊಳಗಿನಿಂದ ಟಕ್ ಅಂತ ಒಂದು ಸದ್ದು ಬಂತು. ಕಡ್ಡಿ ಮುರಿದಷ್ಟೇ ಸಣ್ಣದು. ಹೆದರಿಕೆ ಅಂದರೆ ಏನು ಅಂತ ಈ ಐವತ್ತೆಂಟು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ ಕಣೇ. ತೊಟ್ಟಿಲನ್ನು ಎಳೆದುಕೊಂಡು ಬರಬೇಕು ಅನ್ನಿಸಿತು, ಕಾಲು ಕೇಳಲಿಲ್ಲ, ಚಪ್ಪಲಿ ಅಲ್ಲೇ ಬಿಟ್ಟು ಬೀದಿಗೆ ಓಡಿಬಂದೆ. ಎದುರಿನ ಅಂಗಡಿಯವನು ಏನಾಯಿತಕ್ಕ ಅಂದ. ಹಾವು ಅಂದುಬಿಟ್ಟೆ. ಅವನು ಕೋಲು ಹಿಡಿದು ಹೊರಟೇಬಿಟ್ಟ! ಇಲ್ಲ ಹೋಯಿತು ಹೋಯಿತು ಅಂತ ಅವನ ಅಂಗಿ ಹಿಡಿದು ನಿಲ್ಲಿಸಿದೆ. ನೋಡು, ಒಂದು ಸುಳ್ಳಿಗೆ ಇನ್ನೊಬ್ಬನ ಮೇಲೂ ಗೋಡೆ ಬೀಳಿಸುತ್ತಿದ್ದೆ.

ಮನೆಗೆ ಬಂದು ಕೂತವಳು ಆಮೇಲೆ ಏನೂ ಮಾಡಲಿಲ್ಲ. ಬೀನ್ಸ್ ಬಳ್ಳಿಗೆ ಕಡ್ಡಿ ಕೊಡಬೇಕಿತ್ತು, ಕೊಡಲಿಲ್ಲ. ಅಡುಗೆಮನೆಯಲ್ಲಿ ಚಮಚ ಜಾರಿದರೂ ಹಾರಿಬೀಳುತ್ತೇನೆ. ಹನ್ನೊಂದು ಗಂಟೆಗೆ ನೀನು ಫೋಟೋ ಕಳಿಸಿದೆ, ಮಗು ಬಾಯಿ ಅಗಲಿಸಿ ಆಕಳಿಸುತ್ತಿರುವುದು. ಅಜ್ಜಿ ಮನೆಗೆ ಬರುತ್ತಿದ್ದೇನೆ ಅಂತ ಕೆಳಗೆ ಬರೆದಿದ್ದೆ. ಫೋನನ್ನು ಬೋರಲು ಹಾಕಿ ಅದರ ಮೇಲೆ ಟವೆಲ್ ಮುಚ್ಚಿದೆ. ಆಮೇಲೆ ಈ ಕಾಗದ ತೆಗೆದುಕೊಂಡೆ.

ಮಾಸ್ತರರು ತಂಗಿಯ ಮನೆಗೆ ಅಂತ ಈಗ ನೀವಿರುವ ಊರಿಗೇ ಬರುತ್ತಿದ್ದಾರೆ. ನಾಳೆ ಬೆಳಗಿನ ರೈಲು. ನಾಳೆ ಸಂಜೆಗೆ ಇದು ನಿನ್ನ ಕೈಯಲ್ಲಿರುತ್ತದೆ. ಅಂಚೆಗೆ ಹಾಕಿ ಅದು ನೀವು ಹೊರಟ ಮೇಲೆ ತಲುಪಿದರೆ ಏನು ಗತಿ? ಬುಧವಾರದ ಸರದಿ ನನ್ನ ಮನೆಯದು. ಟೈಲರಣ್ಣನಿಗೆ ದೊಡ್ಡ ಗರಗಸ ತಾ ಅಂತ ಹೇಳಿದ್ದೇನೆ. ಯಾಕೆ ಅಂತ ಕೇಳಿದ. ಬಾ ಹೇಳುತ್ತೇನೆ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ಅವನ ಮುಖ ನೋಡುವುದಕ್ಕೂ ಆಗಲಿಲ್ಲ. ಗಾರೆ ಮೇಸ್ತ್ರಿಗೂ ಹೇಳಿ ಕಳಿಸಿದ್ದೇನೆ. ಆಸರೆ ಕೊಟ್ಟು ಗೋಡೆ ಇಳಿಸಿ ಹೊಸದು ಕಟ್ಟಬೇಕಾಗಬಹುದು, ಮಗಳನ್ನು ಎರಡು ತಿಂಗಳು ಅಲ್ಲೇ ಇಟ್ಟುಕೊ. ಅಲ್ಲಿ ನಾಲ್ಕನೇ ಮಹಡಿ, ಲಿಫ್ಟಿಲ್ಲ, ಅಳಿಯನಿಗೆ ಪಾಳಿ ಕೆಲಸ, ನಿನಗೆ ಮಂಡಿನೋವು, ಎಲ್ಲ ಗೊತ್ತು. ಹತ್ತಿ ಇಳಿ, ಬೈದುಕೊಂಡು ಹತ್ತಿ ಇಳಿ. ನನ್ನ ಹೆಸರು ಹಿಡಿದೇ ಬೈ.

ನೀನು ನನ್ನ ಹತ್ತಿರ ಮಾತು ಬಿಟ್ಟುಬಿಡುತ್ತೀಯ ಅಂತ ಇಷ್ಟು ದಿನ ಹೆದರಿದ್ದೆ. ಈಗ ಅದಕ್ಕೆ ಹೆದರಲು ಪುರುಸೊತ್ತಿಲ್ಲ. ನೀನು ಬೇಗ ಓದಲಿ, ಅಷ್ಟು ಸಾಕು.

ನಿನ್ನ ಗಿಡಗಳೆಲ್ಲ ಚೆನ್ನಾಗಿವೆ. ಮುಂದಿನ ಗುಲಾಬಿಗೆ ಹೇನು ಬಿದ್ದಿತ್ತು, ಸೋಪಿನ ನೀರು ಹೊಡೆದಿದ್ದೇನೆ. ಈ ಹೊತ್ತಿನಲ್ಲಿ ಇದನ್ನೇಕೆ ಬರೆದೆನೋ ಗೊತ್ತಿಲ್ಲ. ನಿನಗೆ ನಿಜ ಹೇಳಿ ಅಭ್ಯಾಸವಾಗಲಿ ಅಂತಿರಬೇಕು.

ಇಂತಿ, ನಿನ್ನ ಕ್ಷಮೆ ಕೇಳುವ ಧೈರ್ಯವೂ ಇಲ್ಲದ,
ಗೋಡೆಯಾಚೆಯ ಕತ್ತರಿ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮಾಸ್ತರರು ಹೊರಗೆ ಕುರ್ಚಿಯಲ್ಲಿ ಕಾಯುತ್ತಿದ್ದಾರೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೊದಲ ಗಾಜು ಒಡೆದದ್ದು ನೀನು ಹೋದ ಮೇಲಲ್ಲ, ಹೊರಡುವ ದಿನವೇ. ನೀನು ಬ್ಯಾಗು ಹಿಡಿದು ನನ್ನ ಹಿತ್ತಲಿಗೆ ಬಂದು, ಹೆರಿಗೆ ಆದ ಮೇಲೆ ನಾನು ಅಲ್ಲೇ ಇರಲಾ, ಇಲ್ಲಾ ಅವಳನ್ನು ಇಲ್ಲಿಗೇ ಕರೆತರಲಾ, ನೀನು ಹೇಳಿದ ಹಾಗೆ ಮಾಡುತ್ತೇನೆ ಅಂತ ಕೇಳಿದೆಯಲ್ಲ, ಆಗ ಆ ಎರಡು ಚೂರು ನನ್ನ ಮುಷ್ಟಿಯಲ್ಲಿದ್ದವು. ಅಲ್ಲೇ ಇರು ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲಿಗೇ ಕರೆದುಕೊಂಡು ಬಾ, ಹಿಂದಿನ ಕೋಣೆ ತಂಪು, ತೊಟ್ಟಿಲು ಕಿಟಕಿಯ ಹತ್ತಿರ ಇಡೋಣ ಅಂದೆ. ಮಗು ಅತ್ತರೆ ನನ್ನ ಹಿತ್ತಲಿಗೆ ಕೇಳಿಸುತ್ತದೆ ಅನ್ನುವ ಆಸೆಗೆ ಹಾಗೆ ಅಂದೆ. ಇದನ್ನು ನೀನೊಬ್ಬಳೇ ಓದಿ ಮಡಚಿಡಬೇಡ. ನಿನ್ನ ಮಗಳಿಗೂ ಓದಿ ಹೇಳು.