ಸದ್ದಿಲ್ಲದ ಹನ್ನೊಂದು ಗೇರುಪೆಟ್ಟಿಗೆಗಳು

ಭಾವನವರಿಗೆ ನಮಸ್ಕಾರ.

ಎದುರು ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಸದ್ದು ತಗ್ಗಲೆಂದು ಕಾರಿನ ಗೇರಿನ ಹಲ್ಲುಗಳನ್ನು ನೀವು ಓರೆಯಾಗಿ ಕೊರೆಸಿದ ಮೇಲೆ, ತಿರುಗುತ್ತಿದ್ದ ಹನ್ನೊಂದು ಗೇರುಪೆಟ್ಟಿಗೆಗಳಿಗೂ ನಾನು ಮರದ ಕೋಲಿನ ಒಂದು ತುದಿ ಆನಿಸಿ ಇನ್ನೊಂದು ತುದಿಗೆ ಕಿವಿಗೊಟ್ಟೆ. ಹನ್ನೊಂದರ ಮೇಲೂ ‘ಸದ್ದಿಲ್ಲ’ ಎಂದು ಸೀಮೆಸುಣ್ಣದಲ್ಲಿ ಬರೆದೆ. “ಇನ್ಮೇಲೆ ನಮ್ಮ ಕಾರಲ್ಲಿ ಸಾಹುಕಾರರಿಗೆ ಅವರ ಗೊರಕೆ ಒಂದೇ ಕೇಳ್ಸೋದು” ಎಂದು ನೀವು ಕೂಗಿ ಹೇಳಿದಿರಿ, ಇಬ್ಬರೂ ನಕ್ಕೆವು. ಕಾರ್ಖಾನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ನನಗೆ ಏನೂ ತಿಳಿಯಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ನಿಮ್ಮ ತಂಗಿಗೆ, “ಮಗ ಈಚೆಗೆ ಅಳೋದನ್ನೇ ಬಿಟ್ಟಿದಾನೆ, ಬುದ್ಧಿ ಬಂತು ಕಣೇ” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈಹಿಡಿದು ಪಕ್ಕದ ಕೋಣೆಗೆ ಕರೆದೊಯ್ದಳು. ತೊಟ್ಟಿಲಲ್ಲಿ ಮಗು ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು.

ಆ ಹನ್ನೊಂದನ್ನೂ ಕಾರಿಗೆ ಕೂಡಿಸುವ ಮುನ್ನ ಬೇರೆಯವರಿಂದ ಕೇಳಿಸಿ ನೋಡಿ. ನಿಮ್ಮ ಓರೆ ಹಲ್ಲು ನಿಜಕ್ಕೂ ಗೆದ್ದಿರಬಹುದು; ನನ್ನ ಸಾಕ್ಷಿಯನ್ನು ಮಾತ್ರ ನಂಬಬೇಡಿ. ಕೋಲನ್ನು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ.

ಭಾನುವಾರ ನಿಮ್ಮ ತಂಗಿ ಮಗುವನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತಾಳೆ, ನಾನೊಬ್ಬನೇ ಇರುತ್ತೇನೆ. ಮಾತಾಡಲು ಬಂದರೆ ಬಾಗಿಲು ತಟ್ಟಿ ಕಾಯಬೇಡಿ. ಚಿಲಕ ಹಾಕಿರುವುದಿಲ್ಲ, ನೇರ ಒಳಗೇ ಬನ್ನಿ.

ಇತಿ,
ನಿಮ್ಮ ಭಾವಮೈದುನ