ಬೆಸಾಂವ್ ಕೊಡದ ಪಪ್ಪನಿಗೆ

ಪಪ್ಪಾ,

‘ಪ್ರೀತಿಯ’ ಎಂದು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಅದು ಸುಳ್ಳೆಂದಲ್ಲ. ನಿಮ್ಮ ಮುಂದೆ ಯಾವತ್ತೂ ಆ ಮಾತು ಆಡಿದವಳಲ್ಲ ನಾನು, ಈಗ ಆಡಿದರೆ ಬೇರೆ ಯಾರದೋ ಪತ್ರದಂತೆ ಕಾಣುತ್ತದೆ. ಕನ್ನಡದಲ್ಲಿ ಬರೆದಳೆಂದು ಬೇಜಾರು ಮಾಡಿಕೊಳ್ಳಬೇಡಿ. ಮನೆಮಾತು ಕೊಂಕಣಿ ಹೌದು, ಆದರೆ ಕೊಂಕಣಿಯಲ್ಲಿ ನಿಮ್ಮೆದುರು ನನಗೆ ಬಾಯಿಯೇ ಬರುವುದಿಲ್ಲ. ಮೂಡುಬಿದಿರೆಯ ಶಾಲೆಯಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ್ದೇನಲ್ಲ, ಈ ಭಾಷೆಯಲ್ಲಿ ನಾನು ಟೀಚರ್. ಸ್ವಲ್ಪ ಧೈರ್ಯ ಇರುತ್ತದೆ.

ನಾರಾವಿಯ ನಮ್ಮ ಮನೆಯ ಸಂಜೆಗಳು ನಿಮಗೆ ನೆನಪಿವೆಯಾ? ಕನ್ನಡದಲ್ಲಿ ಜಪಮಾಲೆ ಅನ್ನಬೇಕು, ನಮಗೆ ಅದು ತೇರ್ಸ್. ಅದು ಮುಗಿದ ಕೂಡಲೇ ನಾನೂ ತಮ್ಮ ಲ್ಯಾನ್ಸಿಯೂ ಕೈಮುಗಿದು ನಿಮ್ಮ ಮುಂದೆ ಬಂದು ‘ಬೆಸಾಂವ್ ದಿ ಪಪ್ಪಾ’ ಎಂದು ಆಶೀರ್ವಾದ ಕೇಳಬೇಕು. ನೀವು ತಲೆಯ ಮೇಲೆ ಕೈಯಿಟ್ಟು, ದೇವರು ಒಳ್ಳೆಯದು ಮಾಡಲಿ ಅನ್ನಬೇಕು. ಎಲ್ಲ ಮನೆಗಳಲ್ಲೂ ಹೀಗೆಯೇ. ಒಂದು ಸಂಜೆ ಲ್ಯಾನ್ಸಿ ಪ್ರಾರ್ಥನೆಯ ನಡುವೆ ತೂಕಡಿಸಿ ಮಮ್ಮಿಯ ಬೆನ್ನಿಗೆ ಹಣೆ ಹೊಡೆದುಕೊಂಡ. ನನಗೆ ನಗು ತಡೆಯಲಾಗಲಿಲ್ಲ. ಬೆಸಾಂವ್ ಕೇಳಲು ಬಂದಾಗ ನೀವು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ. ನಾನು ಕೈಮುಗಿದುಕೊಂಡು ನಿಂತೇ ಇದ್ದೆ. ಆಗ ನೀವು ಹೇಳಿದ ಮಾತು ನಿಮಗೆ ಮರೆತಿರಬಹುದು.

“ಅಪ್ಪ ಕೊಡದ ಬೆಸಾಂವ್ ದೇವರೂ ಕೊಡುವುದಿಲ್ಲ.”

ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮಮ್ಮಿ ಅಡುಗೆಮನೆಯಿಂದ ಸನ್ನೆ ಮಾಡಿ, ಇನ್ನೊಮ್ಮೆ ಕೇಳು, ಇವತ್ತು ಕೊಟ್ಟಾರು ಎಂದು ಕಳಿಸುತ್ತಿದ್ದರು. ನೀವು ಹೊಡೆದಿದ್ದರೆ ಅತ್ತು ಮರೆಯುತ್ತಿದ್ದೆ ಪಪ್ಪಾ. ಆ ದಿನಗಳಲ್ಲಿ ಜ್ವರ ಬಂದರೆ, ಲೆಕ್ಕ ತಪ್ಪಿದರೆ, ಕೆಸುವಿನ ಗಿಡದ ಬಳಿ ಹಾವು ಕಂಡರೆ ಸಹ, ಓ, ದೇವರೂ ಕೈ ಕಟ್ಟಿಕೊಂಡಿದ್ದಾನೆ ಅಂದುಕೊಳ್ಳುತ್ತಿದ್ದೆ. ಎಂಟು ವರ್ಷದ ಹುಡುಗಿಗೆ ಅದೆಷ್ಟು ದೊಡ್ಡ ಹೆದರಿಕೆ ಎಂದು ನಿಮಗೆ ಒಮ್ಮೆಯಾದರೂ…

ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಒಮ್ಮೆ ಕೇಳಿದರು, ಪರಲೋಕದ ತಂದೆ ಹೇಗಿರುತ್ತಾರೆ ಮಕ್ಕಳೇ ಎಂದು. ಒಬ್ಬಳು, ಬೆಳ್ತಂಗಡಿ ಸಂತೆಯಿಂದ ಬರುವಾಗ ಮಿಠಾಯಿ ತರುವ ಪಪ್ಪನ ಹಾಗೆ ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂದಿನಿಂದ ಇಂದಿನವರೆಗೆ ‘ಆಮ್ಚ್ಯಾ ಬಾಪಾ’, ನಮ್ಮ ತಂದೆಯೇ, ಎಂದು ಪ್ರಾರ್ಥನೆ ಶುರುಮಾಡಿದರೆ ಸಾಕು, ನಿಮ್ಮ ಮುಖವೇ ಬರುತ್ತದೆ. ಮಾತೆ ಮರಿಯಮ್ಮನ ಹತ್ತಿರ ಏನು ಬೇಕಾದರೂ ಕೇಳಿಕೊಂಡೇನು. ಸಂತ ಅಂತೋನಿಯ ಹತ್ತಿರ ಕಳೆದುಹೋದ ಬೀಗದ ಕೈಗೂ ಜಗಳ ಮಾಡುತ್ತೇನೆ. ತಂದೆಯ ಹತ್ತಿರ ಮಾತ್ರ ಏನೂ ಕೇಳಲು ಬರುವುದಿಲ್ಲ. ಚರ್ಚಿನಲ್ಲಿ ಆ ಸಾಲು ಬಂದಾಗ ಬರೀ ತುಟಿ ಅಲ್ಲಾಡಿಸುವ ಟೀಚರ್ ನಾನು, ಯಾರಿಗೂ ಗೊತ್ತಿಲ್ಲ.

ಬಂಟ್ವಾಳದಲ್ಲಿ ಲ್ಯಾನ್ಸಿಯ ಮನೆಯಲ್ಲಿ ನೀವು ಮಲಗಿದ್ದ ಕೊನೆಯ ದಿನಗಳು. ಸ್ಟ್ರೋಕ್ ಆಗಿ ಮಾತು ನಿಂತಿತ್ತು, ಬಲಗೈ ಸತ್ತಿತ್ತು. ನಾನು ಹಾಸಿಗೆಯ ಪಕ್ಕ ಮೊಣಕಾಲೂರಿ ಬೆಸಾಂವ್ ಕೇಳಿದೆ. ನೀವು ನನ್ನನ್ನೇ ನೋಡಿದಿರಿ, ಗುರುತು ಸಿಕ್ಕಿತ್ತು, ಅದರಲ್ಲಿ ಸಂಶಯವಿಲ್ಲ. ಎಡಗೈ ಸರಿಯಾಗಿಯೇ ಇತ್ತು. ಅದೇ ಕೈಯಲ್ಲಿ ಹೊದಿಕೆ ಎಳೆದುಕೊಂಡಿರಿ. ಎಡಗೈಯಲ್ಲಿ ಬೆಸಾಂವ್ ಕೊಡಬಾರದೆಂದು ನೀವೇ ಒಮ್ಮೆ ನಮ್ಮ ಅಜ್ಜಿಗೆ ಹೇಳಿದ್ದು ನನಗೆ ನೆನಪುಂಟು. ಅದಕ್ಕಾ ಪಪ್ಪಾ? ಅಥವಾ ಕೊಡುವ ಮನಸ್ಸೇ ಇರಲಿಲ್ಲವಾ? ಆ ದಿನ ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲವಲ್ಲ. ಈ ಪ್ರಶ್ನೆಗೆ ಉತ್ತರ ಸಿಗದೆ ಹೋದದ್ದಕ್ಕೆ ನನಗೆ ಇವತ್ತಿಗೂ ನಿಮ್ಮ ಮೇಲೆ ಸಿಟ್ಟಿದೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿಗೆ ಬರುತ್ತೇನೆ. ನಿಮ್ಮ ಮೊಮ್ಮಗಳು ರಿಯಾ ಏಳನೇ ಕ್ಲಾಸಿಗೆ ಬಂದಿದ್ದಾಳೆ. ಮೊನ್ನೆ ಗೊತ್ತಾಯಿತು, ಆದಿತ್ಯವಾರದ ಧರ್ಮೋಪದೇಶಕ್ಕೆ ಹೋಗುತ್ತೇನೆಂದು ಹೊರಟು, ಚರ್ಚಿನ ಹಿಂದಿನ ಗೆಳತಿಯ ಮನೆಯಲ್ಲಿ ಕುಳಿತು ಟಿವಿ ನೋಡಿ ಬರುತ್ತಿದ್ದಾಳೆ. ಕೇಳಿದರೆ ಇಲ್ಲವೆಂದು ಮುಖಕ್ಕೆ ಹೊಡೆದಂತೆ ಸುಳ್ಳು ಹೇಳಿದಳು. ಆ ಸಂಜೆ ತೇರ್ಸ್ ಮುಗಿದ ಮೇಲೆ, ಏನೂ ಆಗದವಳ ಹಾಗೆ ಕೈಮುಗಿದು ಬಂದು ನಿಂತಳು. ನನ್ನ ಕೈ ಏಳಲಿಲ್ಲ ಪಪ್ಪಾ. ಎರಡೂ ಕೈ ಬೆನ್ನ ಹಿಂದೆ ಹೋಗಿದ್ದವು. ಯಾವಾಗ ಹೋದವೆಂದು ನನಗೇ ತಿಳಿಯಲಿಲ್ಲ.

ರಿಯಾ ಸ್ವಲ್ಪ ಹೊತ್ತು ಕಾದಳು. ಆಮೇಲೆ, “ಆಯ್ತು ಮಮ್ಮಿ, ನಾನು ಸೀದಾ ಅವರ ಹತ್ತಿರವೇ ಕೇಳ್ತೇನೆ,” ಎಂದು ಮನೆಯ ದೇವರ ಪೀಠದ, ನಮ್ಮ ಅಲ್ತಾರಿನ, ಕಡೆ ತಿರುಗಿದಳು. ಯೇಸುವಿನ ಪಟದ ಮುಂದೆ ತಲೆ ಬಗ್ಗಿಸಿ ನಿಂತು, “ಸಿಕ್ಕಿತು,” ಎಂದು ಹೇಳಿ ಊಟಕ್ಕೆ ಹೋದಳು.

ಅಷ್ಟೇ. ನನಗೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು! ಸುಳ್ಳು ಹೇಳಿ ಸಿಕ್ಕಿಬಿದ್ದ ದಿನವೇ ಅಷ್ಟು ಸುಲಭದಲ್ಲಿ ಸಿಗುತ್ತದಾ? ಹಾಗಾದರೆ ನಾನು ಇಷ್ಟು ವರ್ಷ ಯಾರ ಬಾಗಿಲಲ್ಲಿ ನಿಂತಿದ್ದೆ? ನನ್ನ ಗಂಡ ವಲೇರಿಯನ್, ನೀವು ಹೆಸರು ಹಿಡಿಯದೆ ‘ತೋಡಾರಿನವನು’ ಎನ್ನುತ್ತಿದ್ದಿರಲ್ಲ, ಹೆಗಲ ಮೇಲಿನ ಬೈರಾಸು ಮುಖಕ್ಕೆ ಒತ್ತಿ ನಗುತ್ತಿದ್ದ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ನಾನು ಮೊದಲ ಸಲ ಎಲ್ಲವನ್ನೂ ಅವನಿಗೆ ಹೇಳಿದೆ.

“ದೇವರಿಗೆ ನಿನ್ನ ಪಪ್ಪನ ಮುಖ ಅಂಟಿಸಿ ಇಟ್ಟಿದ್ದಿ ಮಾರಾಯ್ತಿ,” ಅಂದ. “ದೇವರಿಗೂ ಉಪದ್ರ, ಪಾಪ ಅವರಿಗೂ ಉಪದ್ರ.”

ಮರುದಿನ ಬೆಳಿಗ್ಗೆ ಶಾಲೆಯ ಬಸ್ಸಿಗೆ ಓಡುತ್ತಿದ್ದ ರಿಯಾಳನ್ನು ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟೆ. “ನಿನ್ನೆದೇ ಉಂಟಲ್ಲ ಮಮ್ಮಿ,” ಎಂದಳು, ಆದರೂ ನಿಂತಳು. ಅವಳು ಇನ್ನೂ ಧರ್ಮೋಪದೇಶಕ್ಕೆ ಸರಿಯಾಗಿ ಹೋಗುತ್ತಿಲ್ಲ. ದಿನಾ ಬೈಯುತ್ತೇನೆ, ದಿನಾ ಬೆಸಾಂವ್ ಕೊಡುತ್ತೇನೆ. ಒಂದನ್ನು ಇನ್ನೊಂದಕ್ಕೆ ಕಟ್ಟಿಹಾಕುವುದಿಲ್ಲ ಎಂದು ನಿರ್ಧರಿಸಿದ್ದೇನೆ.

ನನ್ನದು ಅಷ್ಟು ಬೇಗ ಸರಿಯಾಗುತ್ತಿಲ್ಲ. ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಅಲ್ತಾರಿನ ಮುಂದೆ ಹೋಗಿ ‘ಬಾಪಾ’ ಎಂದು ಬಾಯಿಬಿಟ್ಟು ಕರೆದೆ. ಮತ್ತೆ ನಿಮ್ಮ ಮುಖವೇ ಬಂತು. ಎದ್ದುಹೋಗಬೇಕು ಅನಿಸಿತು, ಹೋಗಲಿಲ್ಲ. ನಿಮ್ಮನ್ನೇ ದಿಟ್ಟಿಸಿ ನೋಡಿದೆ. ನಿಮಗೆ ನಿಮ್ಮ ಪಪ್ಪ ಬೆಸಾಂವ್ ಕೊಟ್ಟಿದ್ದರಾ? ಒಮ್ಮೆಯೂ ಕೇಳಲಿಲ್ಲ ನಾನು. ನೀವೂ ಹೇಳಲಿಲ್ಲ. ಅಜ್ಜನ ಮಾತು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದಿರಿ.

ಪಪ್ಪಾ, ಆ ಜಾಗ ನಿಮ್ಮದಲ್ಲ. ಅಲ್ಲಿ ನಿಂತು ನಿಂತು ನಿಮಗೂ ಸಾಕಾಗಿರಬೇಕು. ಇನ್ನು ಈ ಕಡೆ ಬನ್ನಿ, ನನ್ನ ಪಕ್ಕದಲ್ಲಿ ಕೈಮುಗಿದು ನಿಲ್ಲಿ. ನನಗೂ ಹೆದರಿಕೆ ಉಂಟು. ಇಬ್ಬರೂ ಒಟ್ಟಿಗೆ ಕೇಳುವ.

ನಿಮ್ಮ ಮಗಳು,
ಐರಿನ್