ಇಸುಬಿಗೆ ಜಯಲತಾರ ಮದ್ದು

ಡೊಂಬಿವಲಿ
9 ಜನವರಿ 2025

ಮುದ್ದು ಮಗಳು ರಮಿತಾಳಿಗೆ ಅಮ್ಮನ ತುಂಬು ಆಶೀರ್ವಾದ.

ಪುಣೆಯ ಹಾಸ್ಟೆಲಿನಲ್ಲಿ ಊಟ ಹೇಗಿದೆಯೋ ಏನೋ. ಫೋನ್ ಇರುವಾಗ ಪತ್ರವೇಕೆ ಎಂದು ನಗಬೇಡ. ಫೋನಿನಲ್ಲಿ ಆಡಿದ್ದನ್ನೆಲ್ಲ ನಿನ್ನ ಮಗಳು ಅಶ್ಮಿತಾ ಕೇಳಿಸಿಕೊಂಡು ತನ್ನ ದಾದಿಗೆ ಹಿಂದಿಯಲ್ಲಿ ಒಪ್ಪಿಸಿಬಿಡುತ್ತಾಳೆ. ನಾನು ಹೇಳಬೇಕಾಗಿರುವುದೇ ಆ ದಾದಿಯ, ಅಂದರೆ ನಿನ್ನ ಅತ್ತೆ ಜಯಲತಾರ ವಿಷಯ. ನಾಳೆ ನಿನ್ನ ತಮ್ಮ ಯಶ್ವಂತ್ ಪುಣೆಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳುಹಿಸುತ್ತೇನೆ.

ನಿನ್ನ ಟ್ರೈನಿಂಗ್ ಮುಗಿಯುವವರೆಗೆ ಮಗು ನನ್ನ ಹತ್ತಿರ ಇರಲಿ ಎಂದು ನಾನು ಎಷ್ಟು ಗೋಗರೆದಿದ್ದೆ, ನಿನಗೆ ಗೊತ್ತು. ಮೈಮೇಲಿನ ಇಸುಬು ಹೆಚ್ಚಾದರೆ ಖಾರಘರದ ತಮ್ಮ ಮನೆಗೆ ವಾಪಸು ಕರೆದೊಯ್ಯುತ್ತೇನೆಂದು ಜಯಲತಾ ಮಗುವನ್ನು ಬಿಟ್ಟುಹೋಗುವಾಗಲೇ ಹೇಳಿದ್ದರು. ಮೇಲಿಂದ ಉಪದೇಶ. ನೀರು ಉಗುರುಬೆಚ್ಚಗಿರಬೇಕು, ಅದರಲ್ಲಿ ಓಟ್ಸ್ ಪುಡಿಯ ಗಂಟು ಅದ್ದಬೇಕು, ಸಾಬೂನು ಬೇಡ, ಮೈ ತೇವ ಇರುವಾಗಲೇ ತೆಂಗಿನೆಣ್ಣೆ ಹಚ್ಚಬೇಕು, ಡಾಕ್ಟರು ಕೊಟ್ಟ ಮುಲಾಮು ತಪ್ಪಿಸಬಾರದು. ನಾನು ತಲೆಯಾಡಿಸಿದೆ, ಆದರೆ ಹೊಟ್ಟೆ ಉರಿದುಹೋಯಿತು. ನಿಮ್ಮಿಬ್ಬರನ್ನು ಸಾಕಿದವಳಿಗೆ ಮಗು ಮೀಯಿಸುವುದನ್ನು ಹೇಳಿಕೊಡುವುದೇ?

ಶನಿವಾರ ನಮ್ಮ ಕ್ರಮದಲ್ಲೇ ಮೀಯಿಸಿದೆ. ಮೈ ಕೆಂಪಾಗುವಷ್ಟು ಬಿಸಿನೀರು ಹೊಯ್ಯದಿದ್ದರೆ ಉಡುಪಿ ಕಡೆಯವರಿಗೆ ಅದು ಸ್ನಾನವೇ ಅಲ್ಲ. ನಿನ್ನ ಅತ್ತೆಯೂ ನಮ್ಮ ಕಡೆಯವರೇ, ಖಾರಘರದ ಹದಿನೆಂಟನೇ ಮಹಡಿಗೆ ಹೋದ ಮೇಲೆ ಮರೆತಿದ್ದಾರೆ. ಕಡಲೆಹಿಟ್ಟು ಹಾಕಿ ಚೆನ್ನಾಗಿ ತಿಕ್ಕಿದೆ. ಸಂಜೆಗೆ ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಕೆಂಪಾಯಿತು. ಚಳಿಗಾಲ ಬೇರೆ, ಇಲ್ಲಿಯ ನೀರೂ ಗಡಸು. ನಿನ್ನ ಅಪ್ಪ ಹೋಟೆಲಿನಿಂದ ಬಂದು ನೋಡಿ, ಕೈಕಾಲು ತೊಳೆಯಲು ಹೋದರು.

ಈಗ ಉರಿ ಇಳಿದಿದೆ. ಮಗು ಕೆರೆದುಕೊಳ್ಳುತ್ತಿಲ್ಲ, ನೀನು ರಜೆ ಹಾಕಿ ಓಡಿ ಬರಬೇಡ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ನನಗೆ ಜಯಲತಾರನ್ನು ಕಂಡರೆ ಆಗುವುದಿಲ್ಲ. ಅವರು ಕೆಟ್ಟವರೆಂದಲ್ಲ. ನಿದ್ದೆಗಣ್ಣಿನಲ್ಲಿ ಮಗು ಕೈ ಚಾಚುವುದು ಅವರ ಕಡೆಗೆ. ಅದನ್ನು ನೋಡಿ ಸಹಿಸಲು ನನ್ನಿಂದಾಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ
ನಳಿನಾಕ್ಷಿ

ತಾ.ಕ.: ಉರಿ ಹೇಗೆ ಇಳಿಯಿತೆಂದು ನೀನು ಕೇಳದೆ ಬಿಡುವವಳಲ್ಲ. ಭಾನುವಾರ ಬೆಳಿಗ್ಗೆ ಮಗು ರಕ್ತ ಬರುವಂತೆ ಕೆರೆದುಕೊಂಡು, “ನಾನೀ, ದಾದೀ ಕೋ ಬುಲಾವೋ ನಾ” ಎಂದಿತು, ಅವರನ್ನೇ ಕರೆಸಬೇಕಂತೆ. ಫೋನ್ ಮಾಡಿದೆ. ಅವರು ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಓಟ್ಸ್ ಡಬ್ಬಿ ಹಿಡಿದುಕೊಂಡು ಬಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದನ್ನೂ ನನಗೆ ಕ್ಷಮಿಸಲಾಗುತ್ತಿಲ್ಲ. ಅಂದಿನಿಂದ ಇಲ್ಲೇ ಇದ್ದಾರೆ. ನಿನಗೆ ತಿಳಿಸಬೇಡಿ ಎಂದು ಬೇಡಿಕೊಂಡವಳು ನಾನು. ಈಗ ಹಜಾರದಲ್ಲಿ ಮಗು ಅವರ ತೊಡೆಯ ಮೇಲೆ ನಿದ್ದೆಹೋಗಿದೆ. ನಾಳೆ ಹೊರಡುತ್ತಾರೆ. ಮಗುವನ್ನೂ ಕರೆದುಕೊಂಡು ಹೋಗಿ ಎಂದು ನಾನೇ ಹೇಳಿದೆ. ಅವರಾಗಿ ಕೇಳಿರಲಿಲ್ಲ.